ಯಾರ ಪರವಾಗಿ ಈ ಏಜೆಂಟ್?

ನಮ್ಮ ಆಳಂದದಲ್ಲಿ ಏಜೆಂಟರಿಗೆ ಎಂದೂ ಬರ ಬಂದಿಲ್ಲ. ಎಲ್‌ಐಸಿ ಏಜೆಂಟ್, ಪಿಗ್ಮಿ ಏಜೆಂಟ್, ತಹಸೀಲು ಕಚೇರಿಯ ಎದುರು ಗಿಡದ ನೆರಳಿನಲ್ಲಿ ಕುಳಿತು ಅರ್ಜಿ ಬರೆದುಕೊಡುವವ, ಚುನಾವಣೆ ಬಂದರೆ ಬೂತಿನೊಳಗೆ ಕೂಡುವ ಪಾರ್ಟಿ ಏಜೆಂಟ್, ತೊಗರಿ ರಾಶಿ ಮುಗಿದ ಮೇಲೆ ಅಡತಿ ಅಂಗಡಿಯ ದಲಾಲ. ಇವರಲ್ಲಿ ಒಳ್ಳೆಯವರೂ ಇದ್ದಾರೆ, ಕೈಚಳಕದವರೂ ಇದ್ದಾರೆ. ಆದರೆ ಎಲ್ಲರ ವಿಷಯದಲ್ಲಿಯೂ ನಮಗೊಂದು ಧೈರ್ಯ ಉಂಟು: ಅವರ ಮನೆ ಯಾವ ಓಣಿಯಲ್ಲಿದೆ ಎಂದು ನಮಗೆ ಗೊತ್ತು. ಪಿಗ್ಮಿ ಹಣ ತೆಗೆದುಕೊಂಡವನು ಪುಸ್ತಕದಲ್ಲಿ ಬರೆಯದೆ ಹೋದರೆ ಸಂಜೆ ಅವನ ಅವ್ವನ ಎದುರು ಹೋಗಿ ನಿಂತು ಕೇಳಬಹುದು. ಊರಿನ ನ್ಯಾಯವೆಂದರೆ ಅರ್ಧ ಇಷ್ಟೇ.

ಈಗ ಮನೆಯೂ ಇಲ್ಲದ, ಅವ್ವನೂ ಇಲ್ಲದ ಹೊಸದೊಂದು ಏಜೆಂಟ್ ಬಂದಿದೆ. ಅದಕ್ಕೆ ಎಐ ಏಜೆಂಟ್ ಎನ್ನುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನಾಗುವ ಯಂತ್ರವಲ್ಲ ಇದು. ಹೇಳಿದ ಕೆಲಸವನ್ನು ತಾನೇ ಹೋಗಿ ಮಾಡಿಕೊಂಡು ಬರುವ ಯಂತ್ರ. ಟಿಕೀಟು ತೆಗೆಸು ಎಂದರೆ ತೆಗೆಸುತ್ತದೆ, ಅರ್ಜಿ ತುಂಬು ಎಂದರೆ ತುಂಬುತ್ತದೆ, ನೂರು ಅರ್ಜಿ ತುಂಬು ಎಂದರೂ ಕೈ ನೋಯಿತು ಎನ್ನದೆ ತುಂಬುತ್ತದೆ. ಈ ಕೆಲಸಕ್ಕೆ ಅದು ಬ್ಯಾಂಕಿನ ಬಾಗಿಲಿಗೂ ಬರುವುದಿಲ್ಲ, ಕಚೇರಿಯ ಸಾಲಿನಲ್ಲಿಯೂ ನಿಲ್ಲುವುದಿಲ್ಲ. ಒಂದು ಕಂಪ್ಯೂಟರಿನಿಂದ ಇನ್ನೊಂದು ಕಂಪ್ಯೂಟರ್ ಕೆಲಸ ಮಾಡಿಸಿಕೊಳ್ಳಲೆಂದೇ ಒಂದು ಖಿಡಕಿ ಇಟ್ಟಿರುತ್ತಾರೆ. ಅದರ ಹೆಸರು ಎಪಿಐ. ಈ ಕಡೆಯಿಂದ ಹೆಸರು, ನಂಬರು, ಕಾರಣ ಕೊಟ್ಟರೆ ಆ ಕಡೆಯಿಂದ ‘ಆಯಿತು’ ಅಥವಾ ‘ಆಗಲಿಲ್ಲ’ ಎಂದು ಚೀಟಿ ಬರುತ್ತದೆ. ಖಿಡಕಿಯ ಈ ಕಡೆಯೂ ಮುಖವಿಲ್ಲ, ಆ ಕಡೆಯೂ ಮುಖವಿಲ್ಲ.

ಇದೆಲ್ಲ ಬೆಂಗಳೂರಿನ ಹುಡುಗರ ವ್ಯವಹಾರ, ಆಳಂದದಲ್ಲಿ ಕುಳಿತ ನಮಗೇಕೆ ಎಂದು ಕೈ ಝಾಡಿಸಿಕೊಳ್ಳುವ ಅಕ್ಕತಂಗಿಯರೊಂದಿಗೆ ಜಗಳಕ್ಕೆಂದೇ ನಾನು ಇದನ್ನು ಬರೆಯುತ್ತಿದ್ದೇನೆ. ಅದಕ್ಕಿಂತ ದೊಡ್ಡ ಜಗಳ, ಆ ಖಿಡಕಿಗಳನ್ನು ಕಟ್ಟಿ, ಅವುಗಳಿಗೆ ಕೈಪಿಡಿ ಬರೆದು, ತಾವೇ ಪರೀಕ್ಷೆ ಮಾಡಿ, ತಾವೇ ‘ಪಾಸು’ ಎಂದು ಬರೆದುಕೊಳ್ಳುವವರೊಂದಿಗೆ.

ನನ್ನ ಅಕ್ಕನ ಮಗನ ಕೆಲಸ ಇದೇ. ಏಜೆಂಟ್ ಬಳಸುವ ಸಲಕರಣೆಗಳಿಗೆ ಕೈಪಿಡಿ ಬರೆಯುವುದು, ಆಮೇಲೆ ಏಜೆಂಟ್ ಅದನ್ನು ಓದಿಕೊಂಡು ಸರಿಯಾಗಿ ಕೆಲಸ ಮಾಡಿತೋ ಇಲ್ಲವೋ ಎಂದು ನಂಬರು ಕೊಡುವುದು. ಪಂಚಮಿಗೆ ಬಂದವನು ಉಂಡಿ ತಿನ್ನುತ್ತ ಹೇಳಿದ: “ಮೊದಲ ನಾವು ಮನುಷ್ಯಾರು ಓದ್ಲಿ ಅಂತ ಬರೀತಿದ್ವಿ ಚಿಗವ್ವಾ. ಈಗ ಮಷಿನ್ ಓದ್ಲಿ ಅಂತ ಬರೀತೀವಿ. ಅದು ಓದಿ ತಾನೇ ತಿಳಕೋತದ.” ಹುಡುಗನ ಮುಖದಲ್ಲಿ ಹೆಮ್ಮೆ ಇತ್ತು. ಇರಲಿ, ಕಲಿತ ವಿದ್ಯೆ. ಆದರೆ ಅವನ ಆ ಒಂದು ಮಾತನ್ನು ಹಿಡಿದು ನಾವು ನಿಲ್ಲಬೇಕು.

2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಎಂಬ ಅಮೆರಿಕದ ಕಂಪನಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಎಂಬ ಪದ್ಧತಿಯೊಂದನ್ನು ಎಲ್ಲರಿಗೂ ತೆರೆದಿಟ್ಟಿತು. ಬೇಗನೆ ಉಳಿದ ದೊಡ್ಡ ಕಂಪನಿಗಳೂ ಅದನ್ನು ಹಿಡಿದವು. ಅದರಲ್ಲಿ ಪ್ರತಿಯೊಂದು ಸಲಕರಣೆಗೂ ಒಂದು ಹೆಸರು, ಅದು ಏನು ಮಾಡುತ್ತದೆ ಎಂಬ ಎರಡು ಮೂರು ವಾಕ್ಯ, ಏನೇನು ಕೊಡಬೇಕೆಂಬ ಪಟ್ಟಿ ಇರುತ್ತದೆ. ಏಜೆಂಟ್ ಆ ವಾಕ್ಯಗಳನ್ನು ಓದಿ, ಈ ಕೆಲಸಕ್ಕೆ ಈ ಸಲಕರಣೆ ಎಂದು ತಾನೇ ಆರಿಸಿಕೊಳ್ಳುತ್ತದೆ. ನಮ್ಮ ಅಡುಗೆಮನೆಯ ಡಬ್ಬಿಗಳ ಮೇಲೆ ಅಂಟಿಸಿದ ಚೀಟಿ ನೋಡಿ. ಸೋಡಾದ ಡಬ್ಬಿಗೆ ಯಾರೋ ‘ಸಕ್ಕರೆ’ ಎಂದು ಚೀಟಿ ಅಂಟಿಸಿದರೂ ನಮಗೆ ಕಣ್ಣಿದೆ, ಬೆರಳಿದೆ, ನಾಲಿಗೆಯಿದೆ. ಯಂತ್ರಕ್ಕೆ ಚೀಟಿಯೊಂದೇ ಆಧಾರ. ಚೀಟಿಯಲ್ಲಿ ಬರೆಯದೆ ಬಿಟ್ಟದ್ದು ಅದರ ಪಾಲಿಗೆ ಲೋಕದಲ್ಲಿಯೇ ಇಲ್ಲ.

ಹೀಗಿರುವಾಗ ಆ ಎರಡು ವಾಕ್ಯವನ್ನು ಯಾರು ಬರೆಯುತ್ತಾರೆ, ಅದರಲ್ಲಿ ಯಾರ ಹೆಸರು ಬರುತ್ತದೆ, ಯಾರದು ಬರುವುದಿಲ್ಲ ಎಂಬುದು ತಾಂತ್ರಿಕ ಮಾತೇ? ಅಲ್ಲ. ಅದು ನ್ಯಾಯದ ಮಾತು.

ಪರೀಕ್ಷೆಯ ವಿಷಯವೂ ಹಾಗೆಯೇ. 2024ರ ಜೂನಿನಲ್ಲಿ ಸಿಯೆರಾ ಎಂಬ ಕಂಪನಿಯವರು ‘ಟೌ-ಬೆಂಚ್’ ಎಂಬ ಪರೀಕ್ಷೆಯನ್ನು ಪ್ರಕಟಿಸಿದರು. ಅಂಗಡಿಯ ಗಿರಾಕಿ, ವಿಮಾನದ ಪ್ರಯಾಣಿಕ ಇವರೊಂದಿಗೆ ಏಜೆಂಟ್ ಮಾತಾಡಿ, ಸಲಕರಣೆ ಬಳಸಿ, ಕೆಲಸ ಮುಗಿಸಬೇಕು. ಆಗಿನ ಹೆಸರಾಂತ ಯಂತ್ರಗಳೂ ಅರ್ಧಕ್ಕಿಂತ ಕಡಿಮೆ ಕೆಲಸದಲ್ಲಿ ಮಾತ್ರ ಸರಿಯಾದವು. ಅಂಗಡಿಯ ಕೆಲಸಗಳಲ್ಲಿ ಅದೇ ಕೆಲಸವನ್ನು ಎಂಟು ಸಲ ಕೊಟ್ಟು ನೋಡಿದಾಗ, ಎಂಟೂ ಸಲ ಸರಿಯಾಗಿ ಮುಗಿದವು ನೂರಕ್ಕೆ 25ಕ್ಕಿಂತ ಕಡಿಮೆ. ಆಮೇಲೆ ಬಂದ ಯಂತ್ರಗಳು ಅವಕ್ಕಿಂತ ಚುರುಕಾಗಿವೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಹೀಗೆ ಸೋಲನ್ನೂ ಬರೆದಿಟ್ಟ ಆ ಪರೀಕ್ಷೆಯವರ ಪ್ರಾಮಾಣಿಕತೆಯನ್ನು ಮೆಚ್ಚುತ್ತೇನೆ. ನನ್ನ ತಕರಾರು ಬೇರೆ. ಇಂಥ ಪರೀಕ್ಷೆಗಳಲ್ಲಿ ಕೆಲಸ ಹೇಳಿದವನಿದ್ದಾನೆ, ಕೆಲಸ ಮಾಡುವ ಯಂತ್ರವಿದೆ, ನಿಯಮ ಹಾಕಿದ ಕಂಪನಿಯಿದೆ. ಆ ಕೆಲಸ ಯಾರ ತಲೆಯ ಮೇಲೆ ಬೀಳುತ್ತದೆಯೋ ಆ ಮೂರನೆಯವಳು ಎಲ್ಲಿ?

ಈ ಮೂರನೆಯವಳು ಯಾರೆಂದು ಕಲಿಯಬೇಕಾದರೆ ದೂರ ಹೋಗಬೇಕಾಗಿಲ್ಲ. ಆಳಂದಕ್ಕೆ ಬನ್ನಿ.

2023ರ ವಿಧಾನಸಭಾ ಚುನಾವಣೆಗೆ ಮೊದಲು ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದವು. ಹೆಸರು ಸೇರಿಸಲು ನಮೂನೆ 6, ತಿದ್ದಲು ನಮೂನೆ 8 ಇದ್ದಂತೆ, ಹೆಸರಿಗೆ ಆಕ್ಷೇಪಣೆ ಹಾಕಲು ನಮೂನೆ 7 ಉಂಟು. ಈ 6,018ರಷ್ಟೂ ನಮೂನೆ 7. ಚುನಾವಣಾ ಆಯೋಗದ ಬೇರೆ ಬೇರೆ ಆನ್‌ಲೈನ್ ಬಾಗಿಲುಗಳಿಂದ ಬಂದವು. ಇಷ್ಟೊಂದು ಅರ್ಜಿ ಒಮ್ಮೆಲೇ ಬಂದದ್ದರಿಂದ ಅನುಮಾನ ಹುಟ್ಟಿ ಮನೆ ಮನೆಗೆ ಹೋಗಿ ನೋಡಿದರೆ, ಸರಿಯಾಗಿದ್ದವು 24. ಉಳಿದ 5,994 ಸುಳ್ಳು. ಜನ ಬದುಕಿದ್ದರು, ಅದೇ ಮನೆಯಲ್ಲಿದ್ದರು. 2023ರ ಫೆಬ್ರವರಿ 21ರಂದು ಚುನಾವಣಾ ನೋಂದಣಾಧಿಕಾರಿಯೇ ಆಳಂದ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿದರು. ಯಾವ ಹೆಸರನ್ನೂ ಆ ಸುಳ್ಳು ಅರ್ಜಿಗಳ ಮೇಲೆ ತೆಗೆದಿಲ್ಲ ಎಂದು ಆಯೋಗ ಹೇಳಿದೆ. 2025ರ ಸೆಪ್ಟೆಂಬರ್ 18ರಂದು ಲೋಕಸಭೆಯ ವಿರೋಧ ಪಕ್ಷದ ನಾಯಕರು ದಿಲ್ಲಿಯಲ್ಲಿ ಆಳಂದದ ಹೆಸರೆತ್ತಿ ಮಾತಾಡಿದ ಮೇಲೆ ದೇಶಕ್ಕೆಲ್ಲ ಈ ಊರಿನ ಹೆಸರು ಗೊತ್ತಾಯಿತು. ಅದೇ ತಿಂಗಳು ರಾಜ್ಯ ಸರಕಾರ ವಿಶೇಷ ತನಿಖಾ ತಂಡ ರಚಿಸಿತು. ಯಾರು ಮಾಡಿದರು, ಯಾರು ಮಾಡಿಸಿದರು ಎಂಬುದು ತನಿಖೆಗೂ ನ್ಯಾಯಾಲಯಕ್ಕೂ ಬಿಟ್ಟ ಮಾತು. ನಾನು ಯಾವ ಪಾರ್ಟಿಯ ವಕಾಲತ್ತನ್ನೂ ವಹಿಸಿಲ್ಲ. ನನಗೆ ಬೇಕಾದದ್ದು ಆ ಎರಡು ಅಂಕಿಗಳು: 6,018 ಮತ್ತು 24.

ಈಗ ಆ ಖಿಡಕಿಯನ್ನು ಕೈಪಿಡಿ ಬರೆಯುವವರ ಕಣ್ಣಿನಿಂದ ನೋಡಿ. ಅರ್ಜಿ ತುಂಬುವುದು ಕೆಲಸ. 6,018 ಅರ್ಜಿ ಒಳಗೆ ಹೋದವು. ಪ್ರತಿಯೊಂದಕ್ಕೂ ‘ಸ್ವೀಕರಿಸಲಾಗಿದೆ’ ಎಂಬ ನಂಬರು ಬಂದಿರಬೇಕು. ಕೆಲಸ ಆಯಿತೋ ಇಲ್ಲವೋ ಎಂಬ ಪರೀಕ್ಷೆಯಲ್ಲಿ ಇದಕ್ಕೆ ನೂರಕ್ಕೆ ನೂರು. ಇನ್ನು ಆಳಂದದ ಮತದಾರಳ ಕಣ್ಣಿನಿಂದ ನೋಡಿ. 6,018ರಲ್ಲಿ 24, ಅಂದರೆ ಸಾವಿರಕ್ಕೆ ನಾಲ್ಕು. ಅದೇ ಸಲಕರಣೆ, ಅದೇ ಅರ್ಜಿಗಳು. ಒಂದು ಕಡೆಯಿಂದ ನೂರಕ್ಕೆ ನೂರು, ಇನ್ನೊಂದು ಕಡೆಯಿಂದ ನಪಾಸು. ಹಾಗಾದರೆ ಯಾವ ಕಡೆ ನಿಂತು ಅಳೆಯಬೇಕು? ಇಷ್ಟೇ ನನ್ನ ಪ್ರಶ್ನೆ. ಇದಕ್ಕೆ ಉತ್ತರ ಕೊಡದೆ ಯಾರೂ ನಮ್ಮ ಮುಂದೆ ‘ನಮ್ಮ ಟೂಲ್ ಚೆನ್ನಾಗಿ ಕೆಲಸ ಮಾಡುತ್ತದೆ’ ಎನ್ನಬಾರದು.

ಆ ಅಂಕಿಗಳ ಗಾತ್ರ ತಿಳಿಯಬೇಕಾದರೆ ಇನ್ನೊಂದು ಅಂಕಿ ಹೇಳುತ್ತೇನೆ. 2018ರ ಚುನಾವಣೆಯಲ್ಲಿ ಇದೇ ಆಳಂದದಲ್ಲಿ ಗೆಲುವಿನ ಅಂತರ 697 ಮತ.

ಇಲ್ಲಿ ಮೋಸವಾದದ್ದು ಒಬ್ಬರಿಗಲ್ಲ, ಇಬ್ಬಿಬ್ಬರಿಗೆ ಎಂಬುದನ್ನೂ ಮರೆಯಬಾರದು. ನಮೂನೆ 7 ಹಾಕುವವರು ಅದೇ ಕ್ಷೇತ್ರದ ಮತದಾರರಾಗಿರಬೇಕು. ಆದ್ದರಿಂದ ಹೆಸರು ಕಳೆದುಕೊಳ್ಳಬೇಕಾದವಳ ಜೊತೆಗೆ, ಅರ್ಜಿ ಹಾಕಿದಳೆಂದು ಇನ್ನೊಬ್ಬಳ ಹೆಸರೂ ಬೇಕಾಯಿತು. ಒಬ್ಬ ವಯಸ್ಸಾದ ಹೆಣ್ಣುಮಗಳ ಹೆಸರಿನಲ್ಲಿ 12 ಜನರ ಮೇಲೆ ಅರ್ಜಿ ಬಿದ್ದಿದ್ದವು, ಆಕೆಗೆ ಅದರ ಸುಳಿವೇ ಇರಲಿಲ್ಲ ಎಂದು ದಿಲ್ಲಿಯ ಆ ಗೋಷ್ಠಿಯಲ್ಲಿ ತೋರಿಸಿದರು. ಇನ್ನೊಬ್ಬರ ಹೆಸರಿನಲ್ಲಿ ಬೆಳಗಿನ ಜಾವ ನಾಲ್ಕರ ಹೊತ್ತಿಗೆ 36 ಸೆಕೆಂಡಿನಲ್ಲಿ ಎರಡು ಅರ್ಜಿ ಹೋಗಿದ್ದವೆಂದೂ ಅಲ್ಲಿಯೇ ಹೇಳಿದರು. ನಾವು ರೇಷನ್ ಕಾರ್ಡಿನ ಒಂದು ಅರ್ಜಿಯಲ್ಲಿ ಗಂಡನ ಹೆಸರು ಬರೆಯುವಷ್ಟರಲ್ಲಿ 36 ಸೆಕೆಂಡು ಕಳೆದುಹೋಗುತ್ತದೆ. ಪಕ್ಕದ ಮನೆಯವಳ ಹೆಸರು ತೆಗೆಯಿರಿ ಎಂದು ನಿನ್ನ ಹೆಸರಿನಲ್ಲಿ ಅರ್ಜಿ ಹೋದರೆ, ನಾಳೆ ಬಾವಿಯ ಕಟ್ಟೆಯ ಮೇಲೆ ಆಕೆಯ ಮುಖ ನೋಡುವುದು ಹೇಗೆ? ಕಂಪ್ಯೂಟರಿನ ಲೆಕ್ಕದಲ್ಲಿ ಈ ನಷ್ಟಕ್ಕೆ ಒಂದು ಕಾಲಮ್ಮೂ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇಂಥ ಖಿಡಕಿ ಇನ್ನಷ್ಟು ಅಪಾಯದ್ದು. ಏಕೆಂದರೆ ನಮ್ಮ ಹೆಸರೇ ಒಂದು ಕಡೆ ನಿಲ್ಲುವುದಿಲ್ಲ. ತವರಿನಲ್ಲಿ ಅಪ್ಪನ ಹೆಸರು, ಗಂಡನ ಮನೆಯಲ್ಲಿ ಗಂಡನ ಹೆಸರು, ಆಧಾರಿನಲ್ಲಿ ಒಂದು ಕಾಗುಣಿತ, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಒಂದೇ ಬೂತಿನಲ್ಲಿ ಐದು ಶರಣಮ್ಮ, ನಾಲ್ಕು ಗುರುಬಾಯಿ, ಮೂರು ಖಾಜಾಬಿ. ತಾಂಡಾದ ಹೆಂಗಸರು ಕೂಲಿಗೆಂದು ಪುಣೆಗೋ ಮುಂಬಯಿಗೋ ಹೋಗಿ ಮಳೆಗಾಲಕ್ಕೆ ತಿರುಗಿ ಬರುತ್ತಾರೆ. ‘ಸ್ಥಳಾಂತರ’ ಎಂಬ ಒಂದು ಶಬ್ದವನ್ನು ಯಾರ ಮೇಲೆ ಬರೆದರೂ ಅಂಟಿಕೊಳ್ಳುವಂಥ ಬದುಕು ನಮ್ಮದು. ಬಾಣಂತನಕ್ಕೆ ತವರಿಗೆ ಹೋದವಳು ಊರು ಬಿಟ್ಟವಳಲ್ಲ ಎಂದು ಕೈಪಿಡಿಯಲ್ಲಿ ಬರೆದವರುಂಟೇ? ಬರೆಯದಿದ್ದರೆ ಯಂತ್ರಕ್ಕೆ ಅದು ತಿಳಿಯುವುದೆಂತು?

ಇದನ್ನೆಲ್ಲ ನಿಜವಾಗಿ ಪರೀಕ್ಷೆ ಮಾಡಿದವರು ಯಾರು? ಸಾಫ್ಟ್‌ವೇರ್ ಅಲ್ಲ. ಬೂತ್ ಮಟ್ಟದ ಅಧಿಕಾರಿ ಎಂಬ ದೊಡ್ಡ ಹೆಸರಿನ, ಸಣ್ಣ ಸಂಬಳದ ನೌಕರರು. ನಮ್ಮ ಕಡೆ ಆ ಕೆಲಸ ಬಹಳ ಮಟ್ಟಿಗೆ ಶಾಲೆಯ ಅಕ್ಕೋರು, ಅಂಗನವಾಡಿ ಕಾರ್ಯಕರ್ತೆಯರ ಹೆಗಲಿಗೇ ಬೀಳುತ್ತದೆ. ತನ್ನ ಕಾಕಾನ ಹೆಸರೇ ತೆಗೆಯುವವರ ಪಟ್ಟಿಯಲ್ಲಿ ಬಂದದ್ದನ್ನು ಒಬ್ಬ ಬೂತ್ ಅಧಿಕಾರಿ ನೋಡಿ ವಿಚಾರಿಸಿದ್ದರಿಂದ ಗಂಟು ಬಿಚ್ಚತೊಡಗಿತು ಎಂದು ಆಮೇಲೆ ಸುದ್ದಿಯಾಯಿತು. ಅಂದರೆ ಹಿಡಿದದ್ದು ರಕ್ತಸಂಬಂಧ, ಹಿಡಿದದ್ದು ನಡೆದಾಡುವ ಕಾಲು. ನಮ್ಮ ಓಣಿಯ ಅಂಗನವಾಡಿಯವಳು ಒಮ್ಮೆ ಹೇಳಿದ್ದಳು: “ಯಾರು ಸತ್ತಾರ, ಯಾರು ಅದಾರ ಅಂತ ನನಗ್ಯಾಕ ಮೊಬೈಲ್ ಹೇಳಬೇಕ್ರಿ? ಪೋಲಿಯೋ ಹನಿ ಹಾಕ್ಕೋತ ಮನಿ ಮನಿ ತಿರುಗ್ದಾಕಿ ನಾನು.” ಇಂಥ ತಿಳುವಳಿಕೆಗೆ ಆಯೋಗ ಆಗ ಗೊತ್ತುಪಡಿಸಿದ್ದ ಕನಿಷ್ಠ ಗೌರವಧನ ವರ್ಷಕ್ಕೆ 6,000 ರೂಪಾಯಿ. 2025ರ ಆಗಸ್ಟಿನಲ್ಲಿ ಅದನ್ನು 12,000ಕ್ಕೆ ಏರಿಸಿದರು. ಇನ್ನೊಂದು ಕಡೆ, ಆಳಂದದ ಸುಳ್ಳು ಅರ್ಜಿಗಳಿಗೆ ಒಂದೊಂದಕ್ಕೆ 80 ರೂಪಾಯಿಯಂತೆ ಕೊಟ್ಟಿದ್ದರೆಂದು ತನಿಖಾ ತಂಡ ಕಂಡುಕೊಂಡದ್ದಾಗಿ 2025ರ ಅಕ್ಟೋಬರಿನ ಪತ್ರಿಕೆಗಳಲ್ಲಿ ಬಂತು. ಲೆಕ್ಕ ಹಾಕಿ. ನಮ್ಮ ಅಂಗನವಾಡಿಯವಳ ಒಂದು ವರ್ಷದ ತಿರುಗಾಟ, 75 ಸುಳ್ಳು ಅರ್ಜಿಯ ಕೂಲಿಗೆ ಸಮ.

“ಅದೆಲ್ಲ ಮನುಷ್ಯರು ಮಾಡಿದ ಕಳ್ಳತನ. ಅದಕ್ಕೂ ಎಐ ಏಜೆಂಟಿಗೂ ಏನು ಸಂಬಂಧ?” ಎಂದು ನನ್ನ ಅಕ್ಕನ ಮಗನೇ ಕೇಳಿದ. ಸಂಬಂಧ ಇರುವುದು ಆ 80 ರೂಪಾಯಿಯಲ್ಲಿ. ಅಂದು ಒಂದು ಸುಳ್ಳು ಅರ್ಜಿಗೆ ಒಬ್ಬ ಆಳು ಬೇಕಿತ್ತು, ಅವನಿಗೆ ಕೂಲಿ ಬೇಕಿತ್ತು. ಒಟ್ಟು ಸುಮಾರು 4.8 ಲಕ್ಷದ ಖರ್ಚು. ಖರ್ಚೂ ಒಂದು ಬೇಲಿ. ಕಳ್ಳನಿಗೂ ಬಜೆಟ್ ಇರುತ್ತದೆ. ನಾಳೆ ಆ ಕೂಲಿಯವನ ಜಾಗದಲ್ಲಿ ಏಜೆಂಟ್ ಕೂತರೆ 80 ರೂಪಾಯಿ ಕೆಲವೇ ಪೈಸೆಗೆ ಇಳಿಯುತ್ತದೆ. ಆಗ 6,000 ಅರ್ಜಿ ಏಕೆ, 60,000 ಹಾಕಿದರೂ ಕಳ್ಳನ ಜೇಬು ಖಾಲಿಯಾಗದು. ಆದರೆ ಅಷ್ಟನ್ನೂ ಸುಳ್ಳೆಂದು ತೋರಿಸಲು ನಡೆಯಬೇಕಾದ ಕಾಲುಗಳು ಅವೇ ಎರಡು. ಸುಳ್ಳು ಸೋವಿಯಾಗಿ, ಸತ್ಯ ಮಾತ್ರ ತುಟ್ಟಿಯಾಗಿಯೇ ಉಳಿದರೆ ಯಾವ ಊರು ಬಾಳೀತು?

“ಕೊನೆಗೆ ಯಾರ ಹೆಸರೂ ಹೋಗಲಿಲ್ಲವಲ್ಲ, ವ್ಯವಸ್ಥೆ ಗೆದ್ದಿತಲ್ಲ” ಎನ್ನುವವರಿದ್ದಾರೆ. ಬೆಂಕಿ ಹತ್ತಿದ ಮನೆಯನ್ನು ಓಣಿಯ ಹೆಂಗಸರು ಕೊಡ ಹೊತ್ತು ಆರಿಸಿದರೆ, ಮನೆ ಕಟ್ಟಿದ ಗುತ್ತಿಗೆದಾರ ಬಂದು ‘ನೋಡಿ, ನನ್ನ ಮನೆ ಬೆಂಕಿಗೆ ಬೀಳುವುದಿಲ್ಲ’ ಎಂದು ಮೀಸೆ ತಿರುವಿದ ಹಾಗಾಯಿತು ಈ ಮಾತು. ಗೆದ್ದದ್ದು ಖಿಡಕಿಯಲ್ಲ, ಖಿಡಕಿಯ ಹೊರಗಿದ್ದವರು.

ಆಯೋಗ ಕೈಕಟ್ಟಿ ಕೂತಿತು ಎಂದು ನಾನು ಹೇಳುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅದು ತನ್ನ ಇಸಿಐನೆಟ್‌ನಲ್ಲಿ ಇ-ಸೈನ್ ತಂದಿತು. ಅರ್ಜಿ ಹಾಕುವವರು ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರುವ ಓಟಿಪಿ ಕೊಟ್ಟು ತಮ್ಮ ಗುರುತು ತೋರಿಸಬೇಕು. ಒಳ್ಳೆಯದೇ. ಮೊದಲೇ ಇರಬೇಕಿತ್ತು. ಆದರೆ ಅದು ಅರ್ಜಿ ಹಾಕುವವನ ಗುರುತಿನ ಮಾತು. ಹೆಸರು ಕಳೆದುಕೊಳ್ಳುವವಳ ಮಾತು ಎಲ್ಲಿ? 1950ರ ಪ್ರಜಾಪ್ರತಿನಿಧಿ ಕಾಯ್ದೆಯ 22ನೆಯ ಕಲಮು ಸ್ಪಷ್ಟವಾಗಿದೆ: ಹೆಸರು ತೆಗೆಯುವ ಮೊದಲು ಆ ವ್ಯಕ್ತಿಗೆ ತನ್ನ ಮಾತು ಹೇಳಿಕೊಳ್ಳಲು ತಕ್ಕ ಅವಕಾಶ ಕೊಡಲೇಬೇಕು. ಕಂಪ್ಯೂಟರ್ ಕಾಣದವರು ಕಾಗದ ಪೆನ್ನಿನಲ್ಲಿ ಬರೆದ ಕಾಯ್ದೆಗೆ ಆ ಮೂರನೆಯವಳ ನೆನಪಿತ್ತು. ಇವತ್ತಿನ ಕೈಪಿಡಿಗಳಿಗೆ ಅವಳ ನೆನಪು ಏಕಿಲ್ಲ?

ಇಷ್ಟು ಹೇಳಿದ ಕೂಡಲೇ ‘ಈ ಬಾಯಾರಿಗೆ ಯಂತ್ರವೇ ಬೇಡ’ ಎಂದು ತೀರ್ಪು ಕೊಡುವವರಿದ್ದಾರೆ. ಬೇಡ ಎಂದವರಾರು? 2000ದ ಹೊತ್ತಿಗೆ ‘ಭೂಮಿ’ ಯೋಜನೆ ಬಂದು ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ, ಹೊಲದ ಒಂದು ಕಾಗದಕ್ಕಾಗಿ ಯಾರ ಯಾರದೋ ಕಟ್ಟೆ ಕಾಯುವುದು ತಪ್ಪಿತು. ವಿಧವೆಯಾದವಳು ತನ್ನ ಹೆಸರು ಪಹಣಿಯಲ್ಲಿ ಇದೆಯೋ ಇಲ್ಲವೋ ಎಂದು ತಾನೇ ತೆಗೆಸಿ ನೋಡುವಂತಾಯಿತು. ಆದರೆ ಅಲ್ಲಿಯೂ ಖಾತೆ ಬದಲಾಗುವ ಮೊದಲು ನೋಟಿಸು ಕೊಟ್ಟು, ತಕರಾರಿಗೆ ದಿನ ಬಿಟ್ಟು ಆಮೇಲೆ ಬದಲಿಸುವ ಪದ್ಧತಿ ಇಟ್ಟರು. ಮಣ್ಣಿನ ಒಂದು ತುಂಡಿಗೆ ಇರುವ ಮರ್ಯಾದೆ ಮನುಷ್ಯಳ ಹೆಸರಿಗೂ ಇರಲಿ ಎಂದರೆ ಅದು ಯಂತ್ರದ್ವೇಷವೇ?

ಹಾಗಾದರೆ ಏನು ಬೇಕು? ಬೈದು ಸುಮ್ಮನಾಗುವುದು ನನಗೆ ಒಪ್ಪದು. ಲೆಕ್ಕ ಹೇಳಿಬಿಡುತ್ತೇನೆ.

ಕೈಪಿಡಿಯ ಮೊದಲನೆಯ ವಾಕ್ಯದಲ್ಲಿಯೇ, ಈ ಸಲಕರಣೆ ಯಾರ ಮೇಲೆ ಕೆಲಸ ಮಾಡುತ್ತದೆ, ಅವರನ್ನು ಕೇಳದೆ ಮಾಡಬಹುದೇ ಮಾಡಬಾರದೇ ಎಂಬುದು ಬರಬೇಕು. ‘ಹೆಸರು ತೆಗೆಯುತ್ತದೆ’ ಎಂಬುದು ಕೈಪಿಡಿಯಲ್ಲ. ‘ಇದು ಇನ್ನೊಬ್ಬರ ಹೆಸರಿನ ಮೇಲಿನ ಆಕ್ಷೇಪಣೆ. ಸುಳ್ಳು ಹೇಳಿದರೆ ಶಿಕ್ಷೆಯುಂಟು. ಅವರನ್ನು ಕೇಳುವವರೆಗೆ ಏನೂ ಬದಲಾಗದು’ ಎಂಬುದು ಕೈಪಿಡಿ. ಎರಡನೆಯದು, ಒಂದು ಕೈಯಿಂದ ದಿನಕ್ಕೆ ಎಷ್ಟು ಸಲ ಎಂಬ ಮಿತಿ. ರೇಷನ್ ಅಂಗಡಿಯಲ್ಲಿ ನಮಗೆ ಇಷ್ಟೇ ಕಿಲೋ ಎಂದು ಮಿತಿ ಹಾಕಲು ಬರುವ ಸರಕಾರಕ್ಕೆ ಇದು ಬಾರದೇ? ಮೂರನೆಯದು, ತಪ್ಪಾದರೆ ತಿರುಗಿಸುವ ದಾರಿ, ಎಷ್ಟು ದಿನದಲ್ಲಿ, ಯಾರ ಬಳಿ. ನಾಲ್ಕನೆಯದು, ಉತ್ತರ ಹೇಳುವ ಮನುಷ್ಯರ ಹುದ್ದೆ ಮತ್ತು ಫೋನು. 2024ರ ಫೆಬ್ರವರಿಯಲ್ಲಿ ಕೆನಡಾದ ನ್ಯಾಯಮಂಡಳಿಯೊಂದರ ಮುಂದೆ ಏರ್ ಕೆನಡಾ ವಿಮಾನ ಕಂಪನಿಯ ಪ್ರಕರಣ ಬಂತು. ಕಂಪನಿಯ ಚಾಟ್‌ಬಾಟ್ ಪ್ರಯಾಣಿಕನೊಬ್ಬನಿಗೆ ರಿಯಾಯಿತಿಯ ವಿಷಯದಲ್ಲಿ ತಪ್ಪು ಹೇಳಿತ್ತು. ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಎಂಬ ಕಂಪನಿಯ ವಾದವನ್ನು ತಳ್ಳಿಹಾಕಿ, ನಿನ್ನ ಯಂತ್ರ ಆಡಿದ್ದು ನೀನೇ ಆಡಿದ ಹಾಗೆ ಎಂಬ ಅರ್ಥದ ತೀರ್ಪು ಕೊಟ್ಟರು. ನಮ್ಮಲ್ಲಿ ‘ಕಂಪ್ಯೂಟರ್ ತಗೋತಾ ಇಲ್ಲ’ ಎಂದು ಹೇಳಿ ಬಾಗಿಲು ಹಾಕಿಕೊಳ್ಳುವ ಕಚೇರಿಗಳು ಆ ತೀರ್ಪನ್ನು ಗೋಡೆಗೆ ತೂಗುಹಾಕಬೇಕು.

ಐದನೆಯದು, ಇದೆಲ್ಲ ಕನ್ನಡದಲ್ಲಿ. ಕನ್ನಡದಲ್ಲಿ ಬರೆಯುವುದು ಕಷ್ಟ ಎಂಬ ನೆಪ ಇನ್ನು ನಡೆಯದು. 2022ರಲ್ಲಿ ಕೇಂದ್ರ ಸರಕಾರವೇ ‘ಭಾಷಿಣಿ’ ಎಂದು ಭಾಷಾಂತರದ ಸಲಕರಣೆಗಳನ್ನು ಹೊರಡಿಸಿದೆ. ಯಂತ್ರ ಓದಲೆಂದು ಇಂಗ್ಲಿಷಿನಲ್ಲಿ ಬರೆದ ವಾಕ್ಯ ನಮ್ಮ ಬದುಕಿನ ಮೇಲೆ ಕೆಲಸ ಮಾಡುವುದಾದರೆ, ಅದನ್ನು ನಮ್ಮ ಭಾಷೆಯಲ್ಲಿ ಓದುವ ಹಕ್ಕು ಯಂತ್ರಕ್ಕಿಂತ ಮೊದಲು ನಮಗಿದೆ.

ಇನ್ನು ಪರೀಕ್ಷೆ. ಅದು ಬೆಂಗಳೂರಿನ ಎಸಿ ಕೋಣೆಯಲ್ಲಿ ಮುಗಿಯಬಾರದು. ಇದೇ ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿನ ಹುಡುಗ ಹುಡುಗಿಯರು ಸಲಕರಣೆಯನ್ನು ತಂದು ಐದು ಶರಣಮ್ಮಂದಿರ ಬೂತಿನಲ್ಲಿ ಓಡಿಸಿ ನೋಡಲಿ. ಮರಾಠಿ ಬೆರೆತ, ಉರ್ದು ಬೆರೆತ, ಲಂಬಾಣಿ ಬೆರೆತ ನಮ್ಮ ಕನ್ನಡದಲ್ಲಿ ಕೇಳಿ ನೋಡಲಿ. ಸುಳ್ಳು ಅರ್ಜಿ ಹಾಕಿಸಲು ತಾವೇ ಪ್ರಯತ್ನಿಸಿ, ಖಿಡಕಿ ಅದನ್ನು ತಡೆಯಿತೋ ಇಲ್ಲವೋ ಬರೆಯಲಿ. ಎಷ್ಟು ಸಲ ಕೆಲಸ ಆಯಿತು ಎನ್ನುವುದರ ಪಕ್ಕದಲ್ಲಿಯೇ, ಆಗಬಾರದ ಕೆಲಸ ಎಷ್ಟು ಸಲ ಆಗಲಿಲ್ಲ ಎಂಬ ಕಾಲಮು ಇರಲಿ. ನಂಬರು ಕೊಡುವ ಪೆನ್ನು ಒಂದಿಷ್ಟು ನಮ್ಮ ಅಂಗನವಾಡಿಯವಳ ಕೈಯಲ್ಲಿಯೂ ಇರಲಿ, ಆ ದಿನದ ಭತ್ಯೆ ಸಮೇತ.

‘ಹೆಂಗಸರಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ’ ಎಂಬ ಕೊನೆಯ ಕಲ್ಲು ಬರುತ್ತದೆ ಎಂದು ನನಗೆ ಗೊತ್ತು. ದಾಖಲೆ ಇಡುವುದೂ ಪರೀಕ್ಷೆ ಮಾಡುವುದೂ ನಮಗೆ ಯಾರಾದರೂ ಹೊಸದಾಗಿ ಕಲಿಸಬೇಕೇ? ತೊಗರಿ ಬೇಳೆಯನ್ನು ಅಂಗೈಯಲ್ಲಿ ಹಾಕಿಕೊಂಡು ಹೊಸದೋ ಹಳೆಯದೋ ಹೇಳುವವರು ನಾವು. 2000-01ರಿಂದ ಸ್ತ್ರೀಶಕ್ತಿ ಸಂಘಗಳನ್ನು ನಡೆಸಿಕೊಂಡು ಬಂದವರು ನಾವು. ಸಂಘದ ಲೆಕ್ಕದ ಪುಸ್ತಕ ನೋಡಿದ್ದೀರಲ್ಲ? ವಾರದ ಸಭೆಯಲ್ಲಿ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಯಾರ ಹೆಸರಿನ ಮುಂದೆ ಸಾಲ ಬರೆದಿದೆಯೋ ಆಕೆ ಅಲ್ಲಿ ಕುಳಿತಿರಬೇಕು, ಹೌದು ಎನ್ನಬೇಕು, ಸಹಿಯೋ ಹೆಬ್ಬೆಟ್ಟೋ ಒತ್ತಬೇಕು. ಆಕೆ ಬರದ ದಿನ ಆಕೆಯ ಹೆಸರಿನಲ್ಲಿ ಏನೂ ಬರೆಯುವ ಹಾಗಿಲ್ಲ. ಓದಲು ಬಾರದ ಹೆಂಗಸರು ಕಟ್ಟಿಕೊಂಡ ಈ ನಿಯಮಕ್ಕಿಂತ ದೊಡ್ಡ ನಿಯಮವನ್ನು ಯಾವ ಕಂಪನಿಯ ಕೈಪಿಡಿಯಲ್ಲಿಯೂ ನಾನು ಕಂಡಿಲ್ಲ.

ಆದ್ದರಿಂದ ಅಕ್ಕಂದಿರೇ, ನಾಳೆ ಯಾರಾದರೂ ನಿಮ್ಮ ಮನೆಗೆ ಬಂದು, ಗೃಹಲಕ್ಷ್ಮಿಯ ಹಣವಿರಲಿ, ಪಿಂಚಣಿ ಇರಲಿ, ಮತದ ಚೀಟಿ ಇರಲಿ, ‘ಇನ್ನು ಮುಂದೆ ನಿಮ್ಮ ಕೆಲಸವನ್ನೆಲ್ಲ ಏಜೆಂಟೇ ಮಾಡುತ್ತದೆ’ ಎಂದರೆ ಬೇಡ ಎನ್ನಬೇಡಿ, ಹೂಂ ಎಂದೂ ಎನ್ನಬೇಡಿ. ಮೊದಲು ಕೈಪಿಡಿ ಕೇಳಿ. ನನ್ನ ಹೆಸರಿನಲ್ಲಿ ಅದು ಏನೇನು ಮಾಡಬಲ್ಲದು ಎಂದು ಕೇಳಿ. ಬೇರೆಯವರು ಹೇಳಿದರೆ ನನ್ನ ಮೇಲೆ ಏನೇನು ಮಾಡಬಲ್ಲದು ಎಂದೂ ಕೇಳಿ. ಪಾಸು ಮಾಡಿದವರು ಯಾರು, ಯಾವ ಊರಿನಲ್ಲಿ ಕುಳಿತು ಪಾಸು ಮಾಡಿದರು ಎಂದು ಕೇಳಿ. ಉತ್ತರ ಕನ್ನಡದಲ್ಲಿ ಬರದಿದ್ದರೆ ಮತ್ತೆ ಕೇಳಿ.

ಪಟ್ಟಿಯಲ್ಲಿರುವ ನಮ್ಮ ಹೆಸರು ಅಪ್ಪ ಇಟ್ಟದ್ದು, ಗಂಡ ಸೇರಿಸಿದ್ದು, ಗುಮಾಸ್ತ ತಪ್ಪು ಕಾಗುಣಿತದಲ್ಲಿ ಬರೆದದ್ದು. ಆದರೂ ಅದು ನಮ್ಮದು. ಅದನ್ನು ಅಳಿಸುವ ಮುನ್ನ ಬಾಗಿಲು ಬಡಿದು ನಮ್ಮನ್ನು ಕೂಗಬೇಕು. ಹಾಗೆ ಕೂಗಲು ಬಾರದ ಏಜೆಂಟ್ ಎಷ್ಟೇ ಜಾಣನಾಗಿರಲಿ, ನಮ್ಮ ಲೆಕ್ಕದಲ್ಲಿ ನಪಾಸು.